ಕೊಳ್ಳದ ಸರಕಿನ ಬೆಲೆ

ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಮೆಣಸಿನಕಾಯಿ ವ್ಯಾಪಾರಕ್ಕೆ ಮೂಗು ಬೇಕು ಎಂದು ಹೊರಗಿನವರು ತಿಳಿದುಕೊಂಡಿದ್ದಾರೆ. ಸಿದ್ರಾಮಪ್ಪನನ್ನು ಕೇಳಿದರೆ ಮೂಗು ಗುಮಾಸ್ತನಿಗೆ, ಕಿವಿ ಮಾಲಕನಿಗೆ ಎನ್ನುತ್ತಾನೆ. ಬ್ಯಾಡಗಿ ಕಾಯಿಯ ಘಾಟಿನಲ್ಲಿ ಕೆಲವು ವರ್ಷ ಕೂತರೆ ಯಾರ ಮೂಗಾದರೂ ರಾಜೀನಾಮೆ ಕೊಡುತ್ತದೆ. ಕಿವಿ ಮಾತ್ರ ಕಡೆಯವರೆಗೂ ಗಾದಿ ಬಿಡುವುದಿಲ್ಲ. ಎದುರಿಗೆ ಕೂತ ಗಿರಾಕಿಯ ಜೊತೆ ಭಾವದ, ಅಂದರೆ ದರದ, ಮಾತಾಡುತ್ತಲೇ ಹಿಂದಿನ ಗೋಡೆಯಾಚೆ ಹಮಾಲರು ಏನು ಗೊಣಗುತ್ತಿದ್ದಾರೆ ಎಂಬುದನ್ನು ಅವನು ಹೇಳಬಲ್ಲ. ಅವನ ಹೆಂಡತಿ ನಾಗವ್ವನ ಪ್ರಕಾರ, ಅವಳು ಕರೆದದ್ದೊಂದನ್ನು ಬಿಟ್ಟು ಲೋಕದ ಎಲ್ಲ ಮಾತೂ ಅವನಿಗೆ ಕೇಳಿಸುತ್ತದೆ.

ಚಡಚಣದಿಂದ, ರೈತರ ಸರಕು ಮಾರಿಕೊಡುವ ಸೋದರಮಾವನ ಅಡತಿಯಲ್ಲಿ ಗುಮಾಸ್ತನಾಗಿ ಬಂದವನು ಸಿದ್ರಾಮಪ್ಪ. ಮರಾಠಿಯನ್ನು ಹಮಾಲರ ಬೈಗುಳದಿಂದ ಕಲಿತ. ಹಾಗಾಗಿ ಇವತ್ತಿಗೂ ಅವನ ಮರಾಠಿ ಸಿಟ್ಟಿನಲ್ಲಿ ಶುದ್ಧ, ಸಮಾಧಾನದಲ್ಲಿ ತಪ್ಪು. ಅವನ ಹೆಸರು ಯಾರ್ಡಿನಲ್ಲಿ ಮೇಲೆದ್ದದ್ದು ಒಂದು ಲಾರಿಯಿಂದ. ಒಂದು ಬೆಳಿಗ್ಗೆ ಚಹಾದ ಗಾಡಿಯ ಹತ್ತಿರ ಒಬ್ಬ ಡ್ರೈವರ್ ತಾಡಪಾಲು ಒದ್ದೆಯಾಗಿ ಹೆಣಭಾರ ಆಗಿದೆ ಎಂದು ಯಾರಿಗೋ ಹೇಳುತ್ತಿದ್ದ. ಸಿದ್ರಾಮಪ್ಪ ಏನೂ ಕೇಳಲಿಲ್ಲ. ಲಾರಿಯ ಗಾಲಿಗೆ ಮೆತ್ತಿದ ಎರೆಮಣ್ಣು ನೋಡಿದ, ನಂಬರ್ ಪ್ಲೇಟು ನೋಡಿದ, ಚಹಾ ಮುಗಿಸಿದ, ಮಧ್ಯಾಹ್ನದ ಒಳಗೆ ಯಾರ್ಡಿನಲ್ಲಿದ್ದ ಒಣ ಕಾಯಿಯನ್ನೆಲ್ಲ ಕೊಂಡುಬಿಟ್ಟ. ಕಣಗಳಲ್ಲಿ ಹರವಿದ್ದ ಮೆಣಸಿನಕಾಯಿ ಅಕಾಲದ ಮಳೆಗೆ ಬಣ್ಣ ಬಿಟ್ಟ ಸುದ್ದಿ ಮಾರನೆಯ ದಿನ ಬಂತು. ಅವತ್ತಿನಿಂದ ಸೋದರಮಾವ ಅವನನ್ನು ಗುಮಾಸ್ತ ಎಂದು ಕರೆಯುವುದನ್ನು ಬಿಟ್ಟ.

ಹೆಸರು ಬಂದ ಮೇಲೆ ಒಂದು ತೊಂದರೆಯೂ ಬರುತ್ತದೆ. ಸಿದ್ರಾಮಪ್ಪ ಏನು ನೋಡುತ್ತಾನೆ, ಯಾರ ಹತ್ತಿರ ನಿಲ್ಲುತ್ತಾನೆ ಎಂದು ಯಾರ್ಡು ಅವನನ್ನೇ ನೋಡತೊಡಗಿತು. ಅದಕ್ಕೆ ಅವನು ಒಂದು ನೇಮ ಮಾಡಿಕೊಂಡ: ಕೊಳ್ಳದ ಸರಕಿನ ಬೆಲೆ ಕೇಳಬಾರದು. ಕೇಳಿದರೆ ಸಾಕು, ಹಿಂದೆ ನಿಂತವನು ಕೊಳ್ಳುತ್ತಾನೆ. ಈ ನೇಮವನ್ನು ಅವನು ಎಷ್ಟು ಕಟ್ಟುನಿಟ್ಟಾಗಿ ಪಾಲಿಸಿದನೆಂದರೆ, ಮನೆ ಹತ್ತಿರದ ಖಡಕಿ ಬಜಾರಿನಲ್ಲಿ ನಾಗವ್ವ ಸೀರೆ ನೋಡುವಾಗ ಕೂಡ ಹೊರಗೆ ನಿಂತು ಗೋಡೆ ನೋಡುತ್ತಿದ್ದ. ನೇಮಕ್ಕೆ ಆ ಮಟ್ಟಿಗೆ ಎರಡು ಲಾಭ.

ಅವನ ಇನ್ನೊಂದು ಹಳೆಯ ಅಭ್ಯಾಸ ವಲ್ಲಿಯ ಕೆಳಗಿನ ವ್ಯಾಪಾರ. ಈಗ ಭಾವವೆಲ್ಲ ಮೊಬೈಲಿನಲ್ಲಿ ಬರುತ್ತದೆ, ಆದರೂ ಒಳ್ಳೆಯ ಸರಕು ಬಂದಾಗ ಹಳಬರು ಇಬ್ಬರು ಕೈಗಳ ಮೇಲೆ ಹೆಗಲ ವಸ್ತ್ರದ ಒಂದು ವಲ್ಲಿ ಹಾಕಿಕೊಂಡು ಒಳಗೊಳಗೇ ಬೆರಳು ಹಿಡಿದು ಬೆಲೆ ಮಾತಾಡುತ್ತಾರೆ. ಸುತ್ತ ನಿಂತವರಿಗೆ ವಲ್ಲಿ ಕಾಣುತ್ತದೆ, ಬೆಲೆ ಕಾಣುವುದಿಲ್ಲ. ಮಗಳು ಶಿವಾನಿ ಚಿಕ್ಕವಳಿದ್ದಾಗ ಅಂಗಡಿಯ ಚೀಲಗಳ ಮೇಲೆ ಕೂತು ಆ ವಲ್ಲಿಯೊಳಗೆ ತನ್ನ ಪುಟ್ಟ ಕೈಯನ್ನೂ ತೂರಿಸುತ್ತಿದ್ದಳು. ಎದುರಿನ ಅರಿಶಿಣದ ಅಂಗಡಿಯ ಮಹದೇವಪ್ಪ ಅವಳ ಕಿರುಬೆರಳು ಹಿಡಿದು, "ಸಿದ್ರಾಮಾ, ನಿನ್ನ ಮಗಳು ಭಾಳ ಸೋವಿ ಹೇಳಾಕತ್ತಾಳ, ವ್ಯಾಪಾರ ಮುಗೀತು," ಎನ್ನುತ್ತಿದ್ದ.

ಆ ಶಿವಾನಿ ಈಗ ತಳೇಗಾಂವದ ಒಂದು ಕಂಪನಿಯ ಸೆಕ್ರೆಟರಿ ಕಚೇರಿಯಲ್ಲಿ ಇದ್ದಾಳೆ. ಗಾಡಿಗಳ ಬ್ರೇಕಿಗೆ ಬೇಕಾದ ಎರಕದ ಭಾಗ ಮಾಡುವ ಕಂಪನಿ. ಅದರ ಶೇರು ಪೇಟೆಯಲ್ಲಿದೆ. ಖಡಕಿ ಸ್ಟೇಷನ್ನಿನಲ್ಲಿ ಲೋನಾವಳಾ ಲೋಕಲ್ ಹತ್ತಿದರೆ ತಳೇಗಾಂವದಲ್ಲಿ ಇಳಿಯುತ್ತಾಳೆ. ಅವಳ ಮೇಲಧಿಕಾರಿ ಪ್ರಲ್ಹಾದರಾಯರು ದೀಪಾವಳಿಗೆ ನಿವೃತ್ತರಾಗುವವರಿದ್ದರು. ಆ ಕುರ್ಚಿ ಶಿವಾನಿಗೇ ಎಂದು ಅವರೇ ಬಾಯಿಬಿಟ್ಟು ಹೇಳಿದ್ದರು. ನಾಗವ್ವ ಆ ಕುರ್ಚಿಯ ಸುದ್ದಿಯನ್ನು ಕಟ್ಟಡದ ಮೂರೂ ಮಹಡಿಗೆ ಮುಟ್ಟಿಸಿದ್ದಳು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಶಿವಾನಿ ಅಪ್ಪನ ಪ್ಯಾನ್ ನಂಬರ್ ಕೇಳಿದ್ದಳು.

"ಯಾಕ? ಪಗಾರ ನಿನಗೋ ನನಗೋ?"

"ಮನಿಯವರ ನಂಬರ್ ಕಂಪನಿಗೆ ಕೊಡಬೇಕ್ರಿ ಅಪ್ಪಾ. ಒಳಗಿನ ಸುದ್ದಿ ನನ್ನ ಕೈಯಾಗ ಇರ್ತದ. ನಮ್ಮ ಕಂಪನಿ ಶೇರು ನೀವು ಮುಟ್ಟಂಗಿಲ್ಲ."

"ಕೈಲೆ ಮುರದು ಬೀಜ ನೋಡಾಕ ಬರದ ಸರಕು ನಾ ಯಾವಾಗ ಮುಟ್ಟೀನಿ?" ಎಂದು ಅವನು ನಕ್ಕಿದ್ದ. ಮಾತು ನಿಜ. ಶೇರಿನ ಹುಚ್ಚು ಮಹದೇವಪ್ಪನಿಗೆ. ಅವನ ಒಂದು ಕಣ್ಣು ಅರಿಶಿಣದ ಮೇಲೆ, ಇನ್ನೊಂದು ಮೊಬೈಲಿನ ಮೇಲೆ. ಆದ್ದರಿಂದ ಎರಡರಲ್ಲೂ ಅರ್ಧರ್ಧ ಲಾಭ ಎಂಬುದು ಸಿದ್ರಾಮಪ್ಪನ ಲೆಕ್ಕ.

ಮಳೆಗಾಲ ಮುಗಿಯುತ್ತಿದ್ದ ಒಂದು ಸಂಜೆ ಶಿವಾನಿ ಆಫೀಸಿನಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ಅಡುಗೆಮನೆಗೆ ಹೋದಳು. ಸಿದ್ರಾಮಪ್ಪ ಹೊರಗೆ ದಿವಾನದ ಮೇಲೆ ಪೇಪರ್ ಹಿಡಿದು ಕೂತಿದ್ದ.

"ಅವ್ವಾ, ನಾಡ್ದ ಐದಾರು ಮಂದೀಗೆ ಊಟ ಮಾಡಿ ಕಟ್ಟಿ ಕೊಡ್ತೀಯೇನು? ಗೆಸ್ಟ್ ಹೌಸಿಗೆ ಬೇಕು. ಗಾಡಿ ಕಳಸ್ತೀನಿ."

"ನಿಮ್ಮ ಕ್ಯಾಂಟೀನಿಗೇನು ಬ್ಯಾನಿ ಬಂದದ?"

"ನಾಡ್ದ ಕಾರ್ಖಾನಿ ರಜಾ. ನಿನ್ನ ರೊಟ್ಟಿ ಆಗಲಿ, ಕಾಳಿನ ಪಲ್ಯ, ಚಟ್ನಿಗೆ ಶೇಂಗಾ ಹಿಂಡಿ. ಆದ್ರ ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟಿ, ಗಜ್ಜರಿ ಯಾವೂ ಬ್ಯಾಡ."

ನಾಗವ್ವ ಸೌಟು ಕುಕ್ಕಿದಳು. "ಬಳ್ಳೊಳ್ಳಿ ಇಲ್ಲದ ಹಿಂಡಿ? ಅದಕ್ಕ ಹಿಂಡಿ ಅಂತ ಹೆಸರಿಟ್ಟು ನನ್ನ ಮಾನ ತಗೀಬ್ಯಾಡವ್ವಾ. ನೆಲದಾಗಿಂದು ನಡಿಯೂದಿಲ್ಲ ಅಂದ್ರ ಶೇಂಗಾ ಎಲ್ಲಿ ಬೆಳೀತದ, ಗಿಡದ ತುದ್ಯಾಗೇನು?"

"ಶೇಂಗಾ ನಡೀತದಂತ. ಮತ್ತ ಅವ್ರ ಊಟ ಹೊತ್ತು ಮುಳುಗೂದರಾಗ ಮುಗೀಬೇಕು. ನಾಕು ಗಂಟೇಕ್ಕ ಡಬ್ಬಿ ತಯಾರಿರಲಿ."

"ಯಾರ ಅವ್ರು?"

"ಆಫೀಸಿನವ್ರು," ಎಂದಳು ಶಿವಾನಿ. ಅಷ್ಟೇ ಎಂದಳು.

ಸಿದ್ರಾಮಪ್ಪ ಪೇಪರಿನ ಪುಟ ತಿರುವಿದ. ಅವನ ಕಣ್ಣು ಅಕ್ಷರದ ಮೇಲಿತ್ತು, ತಲೆ ಗಾದಿಯ ಮೇಲೆ ಹೋಗಿ ಕೂತಿತ್ತು. ಗಡ್ಡೆ ಗೆಣಸು ತಿನ್ನದವರು, ಹೊತ್ತು ಮುಳುಗಿದ ಮೇಲೆ ಬಾಯಿ ತೆರೆಯದವರು. ಅಂದರೆ ಗುಜರಾತಿನ ಕಡೆಯ ದೊಡ್ಡ ಜೈನ ಮನೆತನ. ಬರುವುದು ರಜೆಯ ದಿನ, ಕೂಲಿಕಾರ ಒಬ್ಬನೂ ಇಲ್ಲದಾಗ. ರಜೆಯ ದಿನ ಕಾರ್ಖಾನೆ ನೋಡಲು ಬರುವವರು ಮೂವರೇ: ಕಳ್ಳ, ದೇವರು, ಕೊಳ್ಳುವವನು. ಕಳ್ಳ ಮೊದಲೇ ಊಟಕ್ಕೆ ಹೇಳಿ ಬರುವುದಿಲ್ಲ. ದೇವರು ಗೆಸ್ಟ್ ಹೌಸಿನಲ್ಲಿ ಇಳಿಯುವುದಿಲ್ಲ. ಉಳಿದವನು ಒಬ್ಬ.

ಕಂಪನಿ ಮಾರಾಟಕ್ಕಿದೆ. ಗೆಣಸಿನ ಲೆಕ್ಕದ ಮೇಲೆ ಅವನು ಇಷ್ಟನ್ನು ತಿಳಿದುಕೊಂಡ. ತಿಳಿದ ಖುಷಿಗೆ ರಾತ್ರಿ ಒಂದು ರೊಟ್ಟಿ ಹೆಚ್ಚು ತಿಂದ.

ಕೊಳ್ಳಬೇಕೆಂಬ ಯೋಚನೆ ಅವನಿಗೆ ಬರಲಿಲ್ಲ. ಮಗಳಿಗೆ ಕೊಟ್ಟ ಮಾತಿತ್ತು. ಬಂದದ್ದು ಬೇರೆ ತುರಿಕೆ. ತಾನು ಹಿಡಿದದ್ದು ಪೇಟೆಗೆ ಗೊತ್ತಾಗಿದೆಯೋ ಇಲ್ಲವೋ? ಬೆಲೆ ಏರಿದ್ದರೆ ಗೊತ್ತಾಗಿದೆ ಎಂದರ್ಥ, ಏರದಿದ್ದರೆ ತಾನೊಬ್ಬನೇ. ಇದ್ದಲ್ಲೇ ಇದ್ದರೆ ತನ್ನ ಕಿವಿ ಇನ್ನೂ ಮುಪ್ಪಾಗಿಲ್ಲ ಎಂದು ಒಂದು ಸಣ್ಣ ಸಮಾಧಾನ. ನಿಜವಾದ ವ್ಯಾಪಾರಿಗೆ ಲಾಭಕ್ಕಿಂತ ದೊಡ್ಡ ದುರಾಸೆ ಇದು, ತಾನು ಹೇಳಿದ್ದೇ ಸರಿಯಾಯಿತು ಅನ್ನಿಸಿಕೊಳ್ಳುವುದು.

ಮರುದಿನ ಯಾರ್ಡಿನಲ್ಲಿ ಎಂದಿನಂತೆ ಒಂದು ಚಹಾವನ್ನು ಎರಡು ಬಸಿ ಮಾಡಿಕೊಂಡು ಅವನೂ ಮಹದೇವಪ್ಪನೂ ಕುಡಿಯುತ್ತಿದ್ದರು.

"ಮಾದೇವಾ, ಆ ತಳೇಗಾಂವದ ಎರಕದ ಕಂಪನೀದು ಭಾವ ಹೆಂಗ ನಡದದ?"

ಮಹದೇವಪ್ಪನ ಬಸಿ ತುಟಿಯವರೆಗೆ ಬಂದು ನಿಂತಿತು. "ಯಾಕ, ಮಗಳ ಪಗಾರ ಸಾಲವಲ್ದೇನು?"

"ಸುಮ್ನ ಕೇಳ್ದೆ."

"ಸುಮ್ನ ಅಂದ್ರ ಸುಮ್ನ." ಮಹದೇವಪ್ಪ ಅರಿಶಿಣದ ಬೆರಳಿನಿಂದಲೇ ಮೊಬೈಲ್ ಒತ್ತಿದ. "ಬಾವಿ ನೀರಿನಂಗ ಅದ ನೋಡು. ವರ್ಷಾತು, ಮ್ಯಾಲಿಲ್ಲ, ಕೆಳಗಿಲ್ಲ."

"ಹೂಂ," ಎಂದ ಸಿದ್ರಾಮಪ್ಪ. ಪೇಟೆಗೆ ಗೊತ್ತಿಲ್ಲ. ಬಸಿ ಕೆಳಗಿಟ್ಟು ಗಾದಿಗೆ ಹೋಗಿ ಕೂತ. ಮಧ್ಯಾಹ್ನದವರೆಗೆ ಅವನ ಮುಖದ ಮೇಲೆ ಆ ಸಮಾಧಾನ ಹಾಗೇ ಇತ್ತು, ಬೆಳಿಗ್ಗೆ ಹಚ್ಚಿದ ವಿಭೂತಿಯ ಹಾಗೆ.

ನಾಗವ್ವನ ಡಬ್ಬಿಗಳು ಹೋದವು, ಖಾಲಿಯಾಗಿ ಬಂದವು. ಅತಿಥಿಗಳು ಹಿಂಡಿಯನ್ನು ಎರಡೆರಡು ಸಲ ಹಾಕಿಸಿಕೊಂಡರು ಎಂದು ಶಿವಾನಿ ಹೇಳಿದ್ದಕ್ಕೆ ನಾಗವ್ವ, "ಪಾಪ, ಖರೇ ಹಿಂಡಿ ಅವ್ರು ಉಂಡಿಲ್ಲ," ಎಂದು ಮರುಗಿದಳು.

ಮುಂದಿನ ವಾರ ಮಹದೇವಪ್ಪ ಪೇಢೆಯ ಪೆಟ್ಟಿಗೆ ಹಿಡಿದು ರಸ್ತೆ ದಾಟಿ ಬಂದ.

"ಏನಪಾ, ಮೊಮ್ಮಗ ಹುಟ್ಟಿದ್ನೇನು?"

"ಬಾವಿ ನೀರು ಸ್ವಲ್ಪ ಅಲಗ್ಯಾಡ್ಯದ."

"ಯಾರು ಅಲಗ್ಯಾಡಿಸ್ಯಾರ?"

"ನಾನ. ನಮ್ಮ ಸಡ್ಡಕನೂ ಒಂದೆರಡು ಕೊಡ ಎತ್ಯಾನ." ಮಹದೇವಪ್ಪ ಪೇಢೆಯೊಂದನ್ನು ಸಿದ್ರಾಮಪ್ಪನ ಕೈಯಲ್ಲಿಟ್ಟ. "ನಿನ್ನ ಪಾಲೂ ತಗದಿಡ್ತೀನಿ, ಚಿಂತಿ ಮಾಡಬ್ಯಾಡ. ನಿನ್ನ ಹೆಸರು ಎಲ್ಲೂ ಬರೂದಿಲ್ಲ."

"ನಾ ನಿನಗ ಏನರ ಹೇಳಿದ್ನೇನು?"

"ಎಲ್ಲಿ ಹೇಳೀದಿ? ಅದ ನಿನ್ನ ದೊಡ್ಡ ಗುಣ. ಇಷ್ಟು ವರ್ಷದಾಗ ನೀ ಕೊಳ್ಳದ ಸರಕಿನ ಭಾವ ಕೇಳಿದ್ದು ನಾ ಕಂಡಿಲ್ಲ. ಅಂಥಾವ ನೀ ಕೇಳೀದಿ. ಅದೂ ಯಾವ ಕಂಪನೀದು? ಮಗಳು ಕುಂತ ಕಂಪನೀದು. ಕೇಳಿ 'ಹೂಂ' ಅಂದಿ. ಅಷ್ಟ ಸಾಕು ನನಗ. ನೀ ಲಾರಿ ಗಾಲಿ ನೋಡಿದಿ, ನಾ ನಿನ್ನ ಮಾರಿ ನೋಡಿದೆ."

ಸಿದ್ರಾಮಪ್ಪನ ಅಂಗೈಯಲ್ಲಿ ಪೇಢೆ ಮೆತ್ತಗಾಯಿತು. "ನನಗ ಯಾವ ಪಾಲೂ ಬ್ಯಾಡ," ಎಂದ. ಮಹದೇವಪ್ಪ ಅದನ್ನೂ ವ್ಯಾಪಾರದ ಮಾತೆಂದು ತಿಳಿದು ಕಣ್ಣು ಹೊಡೆದು ಹೋದ.

ದಿನವಿಡೀ ಅವನು ತನ್ನ ಪರವಾಗಿ ತಾನೇ ವಕೀಲಿ ಮಾಡಿಕೊಂಡ. ನಾನು ಕೊಂಡಿಲ್ಲ. ಯಾರಿಗೂ ಹೇಳಿಲ್ಲ. ನನಗೂ ಯಾರೂ ಹೇಳಿಲ್ಲ. ಅಡುಗೆಯ ಮಾತು ಕಿವಿಗೆ ಬಿತ್ತು, ಲೆಕ್ಕ ನನ್ನದು. ಶಿವಾಜಿನಗರದ ಕೋರ್ಟಿನಲ್ಲಿ ನಿಂತರೂ ಗೆಲ್ಲುವಂಥ ವಾದ. ಅಷ್ಟು ಒಳ್ಳೆಯ ವಾದ ಸಿಕ್ಕಿತಲ್ಲ, ಅದೇ ಅವನಿಗೆ ಅನುಮಾನ ಹುಟ್ಟಿಸಿತು. ಒಳ್ಳೆಯ ಸರಕಿಗೆ ಅಷ್ಟು ಮಾತು ಬೇಕಾಗುವುದಿಲ್ಲ.

ರಜೆಯ ದಿನ ಕಟ್ಟಡದ ಮಾಳಿಗೆಯ ಮೇಲೆ ನಾಗವ್ವ ಮನೆಯ ಖಾರಕ್ಕೆಂದು ಕಾಯಿ ಹರವಿದ್ದಳು. ಅಪ್ಪ ಮಗಳು ಎದುರುಬದುರು ಕೂತು ತೊಟ್ಟು ಮುರಿಯುತ್ತಿದ್ದರು. ಕೆಳಗೆ ಲೋಕಲ್ ಒಂದು ದಾಪೋಡಿಯ ಕಡೆ ಹೋಯಿತು.

"ನಿಮ್ಮ ಕಾಯ್ದೆ ನನಗ ಒಮ್ಮೆ ತಿಳಿಸಿ ಹೇಳು," ಎಂದ ಸಿದ್ರಾಮಪ್ಪ. "ಸುದ್ದಿ ಮೊದಲ ಕೇಳಿದಾವ ಕಳ್ಳ ಹೆಂಗ ಆಗ್ತಾನ? ಹಂಗಾದ್ರ ಲಾರಿ ಗಾಲಿ ನೋಡಿ ಕಾಯಿ ಕೊಂಡ ನಿನ್ನಪ್ಪನೂ ಕಳ್ಳನ."

ಶಿವಾನಿ ನಕ್ಕಳು. ಅಪ್ಪ ಕಾಲೆಳೆಯುತ್ತಿದ್ದಾನೆ ಎಂದುಕೊಂಡಳು. "ಅದು ಕಳವಲ್ರಿ. ಆ ಮಣ್ಣು ಎಲ್ಲಾರ ಕಣ್ಣಿದುರಿಗೇ ಇತ್ತು. ನೀವು ನೋಡಿದ್ರಿ, ಉಳಿದವ್ರು ಚಹಾ ಕುಡದ್ರು. ಅದು ಜಾಣತನ. ಈಗ ಹಿಂಗ ಅನ್ಕೋರಿ. ಒಬ್ಬ ರೈತ ನಂಬಿ ನಿಮ್ಮ ಅಡತಿಗೆ ಸರಕು ಹಾಕ್ಯಾನ. ನಾಳೆ ಒಬ್ಬ ದೊಡ್ಡ ಗಿರಾಕಿ ಬಂದು ದುಪ್ಪಟ್ಟು ಕೊಡ್ತಾನಂತ ನಿಮಗಷ್ಟ ಗೊತ್ತದ. ಇವತ್ತ ಆ ಸರಕು ನೀವ ಇನ್ನೊಬ್ಬರ ಹೆಸರ್ಲೆ ಕೊಂಡು ಇಟ್ಕೊಂಡ್ರಿ. ಅಂಥಾ ಅಡತಿಯವಗ ಯಾರ್ಡಿನಾಗ ಏನಂತಾರ?"

ಏನನ್ನುತ್ತಾರೆ ಎಂಬುದು ಸಿದ್ರಾಮಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಮಗಳೆದುರು ಆಡುವ ಮಾತಾಗಿರಲಿಲ್ಲ.

"ಸುದ್ದಿ ಮೊದಲ ಸಿಗೂದು ತಪ್ಪಲ್ಲ ಅಪ್ಪಾ. ಯಾರೋ ನಂಬಿ ಕೊಟ್ಟ ಸುದ್ದಿನ ಅವ್ರ ಮ್ಯಾಲೇ ತಿರುಗಿಸೂದು ತಪ್ಪು. ನಿಮ್ಮ ವಲ್ಲಿ ವ್ಯಾಪಾರ ಅದ ಅಲ್ಲ, ನನಗ ಭಾಳ ಸೇರ್ತಿತ್ತು. ಹೊರಗಿನವ್ರಿಗೆ ಏನೂ ಕಾಣಂಗಿಲ್ಲ. ಆದ್ರ ಒಳಗಿರೂ ಎರಡೂ ಕೈಗೆ ಬೆಲಿ ಗೊತ್ತಿರ್ತದ. ಇದರಾಗ ವಲ್ಲಿ ಕೆಳಗ ಕೈ ಒಂದ ಇರ್ತದ. ಮಾರಾವ ಎಲ್ಲೋ ಕುಂತಿರ್ತಾನ, ತಾ ಯಾರ ಜೋಡಿ ವ್ಯಾಪಾರ ಮಾಡಾಕತ್ತೀನಿ ಅಂತನೂ ಅವಗ ಗೊತ್ತಿರೂದಿಲ್ಲ."

"ಅವಗೇನು ನಷ್ಟ? ತಾನ ಮಾರಾಕ ಬಂದಾನ, ಅವತ್ತಿನ ಭಾವ ಸಿಕ್ಕದ."

ಶಿವಾನಿಯ ಬೆರಳು ನಿಧಾನವಾಯಿತು. ಹೇಳಬೇಕೋ ಬೇಡವೋ ಎಂದು ತೂಗಿದಂತೆ ಕಾಣಿಸಿತು. ಬಾಯಿ ಬಿಟ್ಟಾಗ ಅವಳ ಮಾತಿನಲ್ಲಿ ಕಾಯ್ದೆ ಇರಲಿಲ್ಲ.

"ನಮ್ಮ ಎರಕದ ಶೆಡ್ಡಿನಾಗ ಭೀಮು ಅಂತ ಒಬ್ಬ ಇದ್ದಾನ. ನಮ್ಮ ಕಡಿಯಾವ, ಯಾದಗಿರಿ. ಹಳಬರಿಗೆ ಕಂಪನಿ ಶೇರು ಕೊಟ್ಟಾಗ ಅವಗೂ ಒಂದಿಷ್ಟು ಬಂದಿತ್ತು. ಹೋದ ವಾರ ನನ್ನ ಟೇಬಲಿಗೆ ಬಂದು, 'ಅಕ್ಕಾರ, ಮನಿಗೆ ಸ್ಲ್ಯಾಬ್ ಹಾಕಸಬೇಕು, ಇವು ಮಾರ್ಲೋ ಇರ್ಲೋ' ಅಂತ ಕೇಳಿದ. ಕನ್ನಡದಾಗ ಕೇಳಿದ ಅಪ್ಪಾ. ನಾ ಏನ ಹೇಳ್ಲಿ? ಇಟ್ಕೋ ಅಂದ್ರ ಅದೂ ಸುದ್ದಿ ಕೊಟ್ಟಂಗ. ನನಗ ಗೊತ್ತಿಲ್ಲಪಾ, ನಿನ್ನ ಮನಸ್ಸಿಗೆ ಬಂದಂಗ ಮಾಡು ಅಂದೆ. ಮಾರಿ ಬಿಟ್ಟ. ತಗೋರಿ ಅಕ್ಕಾರ ಅಂತ ಫುಟಾಣಿ ಕಡ್ಲಿ ಕೊಟ್ಟು ಹ್ವಾದ."

ಸಿದ್ರಾಮಪ್ಪನ ಕೈಯಲ್ಲಿದ್ದ ಕಾಯಿ ಮುರಿಯಿತು. ಬೀಜ ಮಡಿಲಿಗೆ ಚೆಲ್ಲಿತು. ಹೋದ ವಾರ. ಬಾವಿಯ ನೀರು ಎತ್ತಿದ್ದೂ ಹೋದ ವಾರವೇ. ಭೀಮು ಮಾರಿದ್ದನ್ನೇ ಮಹದೇವಪ್ಪ ಕೊಂಡನೋ ಇಲ್ಲವೋ ಯಾರು ಹೇಳಬೇಕು; ಆ ಪೇಟೆಯಲ್ಲಿ ಮುಖಗಳಿಲ್ಲ. ಆದರೆ ಯಾರೋ ಒಬ್ಬ ಮಾರಿದ್ದಂತೂ ಹೌದು. ಮಗಳು ಒಬ್ಬ ಬಡವನೆದುರು ನಾಲಿಗೆ ಕಚ್ಚಿಕೊಂಡು ಕೂತಿದ್ದ ವಾರದಲ್ಲೇ ಅಪ್ಪ ಒಬ್ಬ ಸಾಹುಕಾರನೆದುರು 'ಹೂಂ' ಎಂದಿದ್ದ.

"ಶಿವಾನಿ," ಎಂದ. "ನಿನ್ನ ಗೆಸ್ಟ್ ಹೌಸಿನ ಮಂದಿ ಗುಜರಾತದವರು. ಕಂಪನಿ ಕೊಳ್ಳಾಕ ಬಂದಿದ್ರು. ಹೌದಂತ ಹೇಳಬ್ಯಾಡ, ಅಲ್ಲಂತ ಹೇಳಬ್ಯಾಡ. ನಾ ಹೇಳೂದಷ್ಟ ಕೇಳು."

ಅವನು ಹೇಳಿದ. ಬಳ್ಳೊಳ್ಳಿಯಿಂದ ಪೇಢೆಯವರೆಗೆ, ತನ್ನ ಕಡೆಗೆ ತೂಕ ಒತ್ತದೆ. ಅಷ್ಟು ಸರಿಯಾದ ತೂಕವನ್ನು ಅವನು ಅಂಗಡಿಯಲ್ಲೂ ಮಾಡಿದ್ದು ಅಪರೂಪ.

ಶಿವಾನಿ ಬೈಯಲಿಲ್ಲ. ಖಾರದ ಕೈಯೆಂದು ಮುಖ ಮುಟ್ಟಿಕೊಳ್ಳಲೂ ಆಗದೆ ಎರಡೂ ಕೈ ಗಾಳಿಯಲ್ಲಿ ಹಿಡಿದು ಕೂತಳು.

"ಕ್ಯಾಂಟೀನಿನವ್ರಿಗೆ ಹೇಳಿದ್ರ ಅವ್ರು ಮಾತಾಡ್ತಾರ ಅಂತ ಮನಿಗೆ ತಂದೆ," ಎಂದಳು ಕೊನೆಗೆ. "ಒಂದು ಕಾಗದಾ ಮನಿಗೆ ತಂದಾಕಿ ಅಲ್ಲ ನಾನು. ಫೋನ್ ಬಂದ್ರ ಹೊರಗ ಗ್ಯಾಲರಿಗೆ ಹೋಗ್ತೀನಿ. ಊಟ ಅಂದ್ಕೂಡ್ಲೆ ಅವ್ವ ನೆನಪಾದ್ಳು. ಅವ್ವ ಅಂದ್ರ ಹೊರಗಿನಾಕಿ ಅನಸ್ಲೇ ಇಲ್ಲ. ನಿಮ್ಮದು ಆಮ್ಯಾಲಿಂದು, ಮೊದಲ ತಪ್ಪು ನಂದು."

ಮಜ್ಜಿಗೆಯ ತಂಬಿಗೆ ಹಿಡಿದು ಮೇಲೆ ಬಂದ ನಾಗವ್ವ ಕೊನೆಯ ಮಾತು ಕೇಳಿದಳು. ಸಂಗತಿ ತಿಳಿದ ಮೇಲೆ ಅವಳು ಮೊದಲು ಗಂಡನನ್ನು ನೋಡಿದಳು. "ನಾ ಕರದ್ರ ಕೇಳಂಗಿಲ್ಲ, ಬಳ್ಳೊಳ್ಳಿ ಬ್ಯಾಡ ಅಂದದ್ದು ಕೇಳ್ತೇನ್ರಿ ನಿಮಗ?" ಆಮೇಲೆ ಮಗಳ ಕಡೆ ತಿರುಗಿದಳು. "ಯಾರಿಗೂ ಗೊತ್ತಿಲ್ಲಲ್ಲ. ದೀಪಾವಳಿ ತನಕ ಸುಮ್ನಿದ್ರ ಆತು. ಕುರ್ಚಿ ಸಿಗಲಿ, ಆಮ್ಯಾಲ ನೋಡೂಣು."

"ಭೀಮೂನ ಮುಂದ ಸುಮ್ನ ಕುಂತೆ ಅವ್ವಾ. ಈಗ ನನ್ನ ಕುರ್ಚಿ ಸಲುವಾಗೂ ಸುಮ್ನ ಕುಂತ್ರ, ಅವನ ಮುಂದ ಕುಂತದ್ದಕ್ಕ ಏನ ಅರ್ಥ ಉಳೀತು?"

ನಾಗವ್ವ ಮಜ್ಜಿಗೆ ಸುರಿದು ಕೊಟ್ಟಳು.

ಮರುದಿನ ಬೆಳಿಗ್ಗೆ ಸಿದ್ರಾಮಪ್ಪ ಅಂಗಡಿಯ ಬೀಗ ತೆಗೆಯುವ ಮೊದಲೇ ರಸ್ತೆ ದಾಟಿದ. "ಮಾದೇವಾ, ಇವತ್ತ ನಾ ತಳೇಗಾಂವಕ್ಕ ಹೊಂಟೀನಿ. ನಿನ್ನ ಹೆಸರು ಹೇಳ್ತೀನಿ. ಹಿಂದಿನಿಂದ ಹೇಳೂದು ಬ್ಯಾಡಂತ ಮೊದಲ ನಿನಗ ಹೇಳಾಕ ಬಂದೆ."

ಮಹದೇವಪ್ಪ ಮೊದಲು ನಕ್ಕ, ಆಮೇಲೆ ನಗು ನಿಲ್ಲಿಸಿದ. "ನಾ ಯಾರ ಬಾಯಿಂದ ಏನೂ ಕೇಳಿಲ್ಲ. ನಿನ್ನ 'ಹೂಂ' ಯಾವ ಕಾಯ್ದೆದಾಗ ಬರೀತಾರ?"

"ಅದು ಅವ್ರು ನೋಡ್ಕೋತಾರ. ಅಂದದ್ದು ಮಾತ್ರ ಖರೆ."

"ಮಗಳ ಕುರ್ಚಿ ಹೋಗ್ತದ. ನನ್ನ ಹಣ ಹೋಗ್ತದ. ನಿನಗೇನು ಸಿಗ್ತದ?"

ಸಿದ್ರಾಮಪ್ಪ ಯೋಚಿಸಿದ. ವ್ಯಾಪಾರಿಯ ಪ್ರಶ್ನೆ, ಪ್ರಾಮಾಣಿಕವಾಗಿ ಕೇಳಿದ್ದು. "ಗೊತ್ತಿಲ್ಲಪಾ," ಎಂದ. "ಈ ಸಲ ಭಾವ ಕೇಳ್ದೆ ಹೊಂಟೀನಿ."

ಕಂಪನಿಯಲ್ಲಿ ಪ್ರಲ್ಹಾದರಾಯರು ಬೆಳಗಾವಿಯ ಮೃದು ಕನ್ನಡದಲ್ಲಿ ಕೂಡಿಸಿ ಚಹಾ ಕೊಟ್ಟರು. ಶಿವಾನಿ ನಡೆದದ್ದನ್ನೆಲ್ಲ ಹೇಳಿ ಗೋಡೆಯ ಹತ್ತಿರ ನಿಂತಳು. ರಾಯರು ಸಿದ್ರಾಮಪ್ಪನನ್ನು ಕೇಳಿದರು, "ಬೆಲೆ ಕೇಳಿದ ಮೇಲೆ ನೀವು ಏನಂದ್ರಿ?"

"'ಹೂಂ' ಅಂದ್ನಿರಿ."

"ಅಷ್ಟೇ?"

"ನಮ್ಮ ಯಾರ್ಡಿನಾಗ ಅಷ್ಟು ಭಾಳಾತ್ರಿ."

ರಾಯರು ನಗಬಾರದೆಂದು ಕನ್ನಡಕ ಒರೆಸಿದರು. ಆಮೇಲೆ ಶಿವಾನಿಯನ್ನು ನೋಡಿದರು. ಆ ನೋಟದಲ್ಲಿ ಕುರ್ಚಿ ಹೋದದ್ದು ಸಿದ್ರಾಮಪ್ಪನಿಗೆ ಕಂಡಿತು. ಮುಖ ಓದುವ ವಿದ್ಯೆ ಬೇಡದ ಕಡೆಗೂ ಬರುತ್ತದೆ.

ಕಂಪನಿಯವರು ವಿಷಯವನ್ನು ಮುಂಬೈಯಲ್ಲಿ ಶೇರು ಪೇಟೆ ಕಾಯುವ ಸರ್ಕಾರಿ ಕಚೇರಿಗೆ ಬರೆದರು. ಕೊಳ್ಳುವ ಮಾತು ಕೆಲವು ತಿಂಗಳ ಮೇಲೆ ಪೇಪರಿನಲ್ಲಿ ಬಂತು, ಬಾವಿಯ ನೀರು ಉಕ್ಕಿತು. ಆ ಹೊತ್ತಿಗೆ ಮಹದೇವಪ್ಪನಿಗೂ ಅವನ ಸಡ್ಡಕನಿಗೂ, ಇಂಥ ದಿನ ಇಂಥ ಶೇರನ್ನೇ ಯಾಕೆ ಕೊಂಡಿರಿ ಎಂಬ ಪ್ರಶ್ನೆ ತಲುಪಿತ್ತು. ಉತ್ತರ ಕೊಡಲು ಅವರು ವಕೀಲರನ್ನು ಹುಡುಕುತ್ತಿದ್ದರು. ಯಾರ್ಡಿನಲ್ಲಿ ಈಗ ಸಿದ್ರಾಮಪ್ಪ ಒಂದು ಚಹಾ ಪೂರ್ತಿ ತಾನೇ ಕುಡಿಯುತ್ತಾನೆ, ಎದುರಿನವನು ತನ್ನದನ್ನು ಬೆನ್ನು ತಿರುಗಿಸಿ ಕುಡಿಯುತ್ತಾನೆ. ಪೂರ್ತಿ ಚಹಾ ಆರಿಹೋಗುವುದೇ ಹೆಚ್ಚು. ಒಂದು ಪೈಸೆ ಲಾಭವಿಲ್ಲದೆ ದೋಸ್ತಿ ಕಳೆದುಕೊಂಡ ಮೊದಲನೆಯ ವ್ಯಾಪಾರಿ ನೀನೇ ಎಂದು ಯಾರೋ ಚುಚ್ಚಿದರು. ಅವನು 'ಹೂಂ' ಎನ್ನಲಿಲ್ಲ.

ದೀಪಾವಳಿಗೆ ಆ ಕುರ್ಚಿಗೆ ಮುಂಬೈಯಿಂದ ಒಬ್ಬಾಕೆ ಬಂದಳು. ಶಿವಾನಿಯ ಕೆಲಸ ಉಳಿಯಿತು, ಗುಟ್ಟಿನ ಕೆಲಸಗಳಿಂದ ಮಾತ್ರ ಅವಳನ್ನು ದೂರ ಇಟ್ಟರು. ಅವಳು ಅದೇ ಲೋಕಲ್ ಹತ್ತಿ ಅದೇ ಮೇಜಿಗೆ ಹೋಗಿ ಬಂದಳು. ನಾಗವ್ವ ಮೂರು ಮಹಡಿಯನ್ನೂ ಇಳಿದು, ಮುಂದಿನ ವರ್ಷ ನೋಡೋಣ ಅಂದಿದ್ದಾರೆ ಎಂದು ಯಾರೂ ಕೇಳದೆಯೇ ತಿಳಿಸಿ ಬಂದಳು. ಭೀಮುವಿನ ಮನೆಗೆ ಸ್ಲ್ಯಾಬ್ ಬಿತ್ತು. ಎರಡು ಕೋಣೆ ಹಾಕಿಸಬೇಕೆಂದಿದ್ದವನು ಒಂದಕ್ಕೇ ನಿಲ್ಲಿಸಿದ. ಪೇಪರಿನ ಸುದ್ದಿ ಓದಿದ ಮೇಲೆ ಅವನು ಶಿವಾನಿಯ ಮೇಜಿಗೆ ಬಂದು ಏನೋ ಕೇಳಬೇಕೆಂದು ನಿಂತ, ಕೇಳದೆ ಹೋದ. ಅದನ್ನು ಮಾತ್ರ ಅವಳು ಮನೆಯಲ್ಲಿ ಹೇಳಿದಳು, ಒಂದೇ ಸಲ.

ಬೇಸಿಗೆ ಬರುವ ಹೊತ್ತಿಗೆ ಒಂದು ಸಂಜೆ ಮೂವರೂ ಊಟಕ್ಕೆ ಕೂತಿದ್ದಾಗ ಶಿವಾನಿಯ ಫೋನ್ ಬಂತು. "ಹೌದು ಮೇಡಂ," ಎಂದವಳ ಬೆನ್ನು ನೆಟ್ಟಗಾಯಿತು. ಮುಂಬೈಯ ಆ ಮೇಲಧಿಕಾರಿ. ಇಷ್ಟು ತಿಂಗಳಲ್ಲಿ ಅವರು ಆಫೀಸಿನ ಹೊತ್ತು ಬಿಟ್ಟು ಅವಳಿಗೆ ಫೋನ್ ಮಾಡಿದ್ದಿರಲಿಲ್ಲ. ಮತ್ತೆ ಏನನ್ನೋ ನಂಬಿ ಕೊಡುತ್ತಿದ್ದಾರೆ. ಶಿವಾನಿ ಎಂಜಲು ಕೈಯಲ್ಲೇ ಗ್ಯಾಲರಿಗೆ ಹೋಗಲು ಎದ್ದಳು. ಗ್ಯಾಲರಿಯ ಬಾಗಿಲು ಮಳೆಗೆ ಉಬ್ಬಿದ್ದು ಇನ್ನೂ ಸರಿಯಾಗಿ ಮುಚ್ಚುತ್ತಿರಲಿಲ್ಲ. ಅದರ ಸಂದಿಯಿಂದ ಎಷ್ಟು ಕೇಳಿಸುತ್ತದೆ ಎಂಬುದು ಸಿದ್ರಾಮಪ್ಪನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಅವನು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ನಡೆದ. ನಾಗವ್ವ ಹಿಂದೆಯೇ ಬಂದಳು.

"ಏನ್ರಿ, ಏನ ಬೇಕು?"

"ಮಿಕ್ಸರ್ ಹಚ್ಚು."

"ಈಗೇನ ರುಬ್ಬೂದು?"

"ಹಿಂಡಿ. ಬಳ್ಳೊಳ್ಳಿ ಭಾಳ ಹಾಕು."

ನಾಗವ್ವ ಗಂಡನ ಮುಖ ನೋಡಿದಳು, ಗ್ಯಾಲರಿಯ ಕಡೆ ನೋಡಿದಳು. ಶೇಂಗಾದ ಡಬ್ಬಿ ತೆಗೆದಳು. ಮಿಕ್ಸರ್ ಕಟ್ಟಡಕ್ಕೆಲ್ಲ ಕೇಳುವಂತೆ ಒದರತೊಡಗಿತು. ಸಿದ್ರಾಮಪ್ಪ ಕಟ್ಟೆಗೆ ಒರಗಿ ನಿಂತು, ಲೋಕದ ಒಂದು ಮಾತೂ ಕಿವಿಗೆ ಬೀಳದೆ, ಸಾವಕಾಶ ರೊಟ್ಟಿ ಮುರಿದು ತಿಂದ.